ಬೆಳಕಿಗೂ ಸುಂಕವೇ?

2025ರ ಜುಲೈ ತಿಂಗಳ ಕೊನೆಯ ರವಿವಾರ. ಬೆಳಗಿನ ಬಲಿಪೂಜೆ ಮುಗಿದಿತ್ತು. ಧಾರವಾಡದ ಜಿಟಿಜಿಟಿ ಮಳೆ ಬಿಡುವು ಕೊಡಲೆಂದು ಜನರು ದೇವಾಲಯದ ಮೊಗಸಾಲೆಯಲ್ಲಿ ಕಾಯುತ್ತಿದ್ದರು. ಚಿಕ್ಕದೊಂದು ಚಹಾದಂಗಡಿಯನ್ನು ನಡೆಸುವ ಕುಟುಂಬದ ತಾಯಿಯೊಬ್ಬರು ನನ್ನ ಬಳಿಗೆ ಬಂದು, ಸುತ್ತಲೂ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಫಾದರ್, ನನ್ನ ಮಗಾ ಅಂಗಡ್ಯಾಗಿನ ಸ್ಕ್ಯಾನ್ ಮಾಡೂ ಹಾಳಿ ಕಿತ್ತು ಒಳಗ ಇಟ್ಟಾನ್ರಿ. ಎಲ್ಲಾ ಕೈಯಾಗ ರೊಕ್ಕ ತಗೊಂಡ್ರ ಸರಕಾರಕ್ಕ ಗೊತ್ತಾಗೂದಿಲ್ಲ ಅಂತಾನ. ಹಂಗ ಮಾಡೂದು ಪಾಪೇನ್ರಿ?”

ನಾನು ಉತ್ತರಿಸುವ ಮೊದಲೇ ಅವರು ಮತ್ತೊಂದು ಮಾತು ಸೇರಿಸಿದರು: “ಮೊಮ್ಮಗಳ ಅಭ್ಯಾಸಕ್ಕಂತ ತಿಂಗಳಾ ಫೋನಿಗೆ ರೊಕ್ಕ ಹಾಕಸ್ತೀನಿ. ಅದರಾಗೂ ಸರಕಾರದ ಪಾಲು ಐತಂತ. ಹುಡುಗಿ ಓದೂದಕ್ಕೂ ತೆರಿಗಿ ಹಾಕಿದ್ರ ಅದು ಪಾಪ ಅಲ್ಲೇನ್ರಿ?”

ಪ್ರಿಯ ಓದುಗರೇ, ಮೊದಲನೆಯ ಪ್ರಶ್ನೆಗೆ ಗುರುಮಠದಲ್ಲಿ ಕಲಿತ ಉತ್ತರವೊಂದು ನನ್ನಲ್ಲಿ ಸಿದ್ಧವಾಗಿತ್ತು. ಎರಡನೆಯದಕ್ಕೆ ಇರಲಿಲ್ಲ. ಆದರೆ ಎರಡನೆಯದನ್ನು ಬದಿಗಿರಿಸಿ ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳುವುದು ನ್ಯಾಯವೆನಿಸಲಿಲ್ಲ. ಬಡವನ ಪಾಪವನ್ನು ಎಣಿಸುವ ನಾಲಿಗೆ ಆಳುವವರ ನ್ಯಾಯವನ್ನೂ ವಿಚಾರಿಸಬೇಕಲ್ಲವೆ? ಅಂದು ಅವರಿಗೆ ಮೊಗಸಾಲೆಯಲ್ಲಿ ನಿಂತು ಹೇಳಲಾಗದ ಮಾತನ್ನು ಇಲ್ಲಿ ಸ್ವಲ್ಪ ಸಮಾಧಾನದಿಂದ ಹೇಳಲು ಯತ್ನಿಸುತ್ತೇನೆ.

ಬೆಳಕು ಸರಕೇ?

ಅಂತರ್ಜಾಲಕ್ಕೆ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿಯೇ ಒಮ್ಮೆ ವಿಚಿತ್ರವಾದ ರೂಪದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯಲ್ಲಿ ನಮ್ಮ ಮಾತು, ಚಿತ್ರ, ಪತ್ರಗಳೆಲ್ಲ ಬೆಳಕಿನ ಮಿಡಿತಗಳಾಗಿ ಸಾಗುತ್ತವೆ. ಇದನ್ನು ಗಮನಿಸಿದ ರಾಜ್ಯದ ತೆರಿಗೆ ಅಧಿಕಾರಿಗಳು, ಬ್ರಾಡ್‌ಬ್ಯಾಂಡ್ ಕಂಪನಿಗಳು ಗ್ರಾಹಕರಿಗೆ “ಕೃತಕವಾಗಿ ಸೃಷ್ಟಿಸಿದ ಬೆಳಕಿನ ಶಕ್ತಿ”ಯನ್ನು ಮಾರುತ್ತಿವೆ, ಬೆಳಕು ಒಂದು ಸರಕು, ಸರಕಿನ ಮಾರಾಟಕ್ಕೆ ಮೌಲ್ಯವರ್ಧಿತ ತೆರಿಗೆ ಸಲ್ಲಬೇಕು ಎಂದು ವಾದಿಸಿದರು. ಭಾರ್ತಿ ಏರ್‌ಟೆಲ್ ಮೊದಲಾದ ಕಂಪನಿಗಳು ಇದನ್ನು ಪ್ರಶ್ನಿಸಿದವು. 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಆ ವಾದವನ್ನು ತಳ್ಳಿಹಾಕಿತು. ಗ್ರಾಹಕನು ಕೊಳ್ಳುವುದು ಬೆಳಕನ್ನಲ್ಲ. ಬೆಳಕು ಕೇವಲ ವಾಹಕ. ಅವನಿಗೆ ದೊರೆಯುವುದು ಸಂಪರ್ಕವೆಂಬ ಸೇವೆ. ಸೇವೆಯ ಮೇಲೆ ತೆರಿಗೆ ಹಾಕುವುದು ಆ ಕಾಲದಲ್ಲಿ ಕೇಂದ್ರಕ್ಕೆ ಸೇರಿದ ಅಧಿಕಾರ ಎಂಬುದು ತೀರ್ಪಿನ ಸಾರ. ಇದಕ್ಕೂ ಮೊದಲು 2006ರಲ್ಲಿ ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ದೂರವಾಣಿಯ ವಿದ್ಯುತ್ಕಾಂತೀಯ ಅಲೆಗಳು ಸರಕಲ್ಲವೆಂದು ಹೇಳಿತ್ತು.

ಇದನ್ನು ಓದಿದಾಗ ಇಂಗ್ಲೆಂಡಿನ ಹಳೆಯ ಕಿಟಕಿ ತೆರಿಗೆ ನೆನಪಾಗುತ್ತದೆ. 1696ರಿಂದ 1851ರವರೆಗೆ ಅಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ವಸೂಲು ಮಾಡುತ್ತಿದ್ದರು. ಹೆಚ್ಚು ಕಿಟಕಿಯುಳ್ಳವನು ಸಿರಿವಂತನೆಂಬುದು ಲೆಕ್ಕಾಚಾರ. ಆದರೆ ಜನರು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಬಾಡಿಗೆ ಮನೆಗಳ ಬಡವರು ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ನರಳಿದರು. ಸಿರಿವಂತಿಕೆಯನ್ನು ಅಳೆಯಹೊರಟ ತೆರಿಗೆ ಬಡವನ ಮನೆಯ ಬೆಳಕನ್ನು ಕಸಿಯಿತು. ಆ ತಾಯಿಯ ಮಗ ಅಂಗಡಿಯ ಕ್ಯೂಆರ್ ಹಾಳೆಯನ್ನು ಕಿತ್ತು ಒಳಗಿಟ್ಟದ್ದು ಒಂದು ರೀತಿಯಲ್ಲಿ ಕಿಟಕಿಗೆ ಇಟ್ಟಿಗೆ ಕಟ್ಟಿದಂತೆಯೇ.

ಹಾಗಾದರೆ ಇಂದು ಅಂತರ್ಜಾಲ ಸಂಪರ್ಕದ ಮೇಲೆ ತೆರಿಗೆ ಇಲ್ಲವೇ? ಇದೆ. 1994ರಲ್ಲಿ ದೂರವಾಣಿ ಸೇವೆಯ ಮೇಲೆ ಶೇ. 5ರಷ್ಟು ಸೇವಾ ತೆರಿಗೆ ಆರಂಭವಾಯಿತು. ಅದು ಏರುತ್ತ ಬಂದು, ಸರಕು ಮತ್ತು ಸೇವಾ ತೆರಿಗೆ ಬರುವ ಹೊತ್ತಿಗೆ ಮೇಲ್ತೆರಿಗೆಗಳೂ ಸೇರಿ ಶೇ. 15 ಆಗಿತ್ತು. 2017ರ ಜುಲೈ 1ರಿಂದ ಶೇ. 18 ಆಯಿತು. ನಾವು 28 ದಿನಗಳಿಗೊಮ್ಮೆ 300 ರೂಪಾಯಿ ಕೊಟ್ಟು ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 46 ರೂಪಾಯಿ ತೆರಿಗೆಯೇ. ವರ್ಷಕ್ಕೆ ಹದಿಮೂರು ಬಾರಿ ಮಾಡಿಸಿದರೆ ಒಂದು ಫೋನಿಗೆ ಸುಮಾರು 600 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಎಂದರೆ ಒಂದು ಫೋನಿನ ತೆರಿಗೆಗಾಗಿ ಕೂಲಿಯವನು ವರ್ಷದಲ್ಲಿ ಒಂದೂವರೆ ದಿನಕ್ಕಿಂತ ಹೆಚ್ಚು ದುಡಿಯುತ್ತಾನೆ. ಅದೇ ಫೋನನ್ನು ಹಿಡಿದ ದೊಡ್ಡ ಸಂಬಳದ ಅಧಿಕಾರಿಯೂ ಅಷ್ಟೇ ತೆರಿಗೆ ಕೊಡುತ್ತಾನೆ. ಅದು ಅವನ ಕೆಲವು ನಿಮಿಷಗಳ ದುಡಿಮೆ. ಸಮಾನವಾಗಿ ಕಾಣುವುದೆಲ್ಲ ಸಮಾನವಲ್ಲ.

ಉಪ್ಪು ಮತ್ತು ನೀರು

ಅಗತ್ಯ ವಸ್ತುವಿನ ಮೇಲಿನ ತೆರಿಗೆಯ ನೋವನ್ನು ನಮ್ಮ ಈ ನೆಲ ಚೆನ್ನಾಗಿ ಬಲ್ಲದು. 1930ರಲ್ಲಿ ಗಾಂಧೀಜಿಯವರು ದಂಡಿಗೆ ನಡೆದಾಗ ಅವರ ತಂಡದಲ್ಲಿದ್ದ ಕನ್ನಡಿಗ ಮೈಲಾರ ಮಹಾದೇವಪ್ಪನವರು. ಅವರ ಊರು ಮೋಟೆಬೆನ್ನೂರು ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು, ಇಂದು ಹಾವೇರಿ ಜಿಲ್ಲೆಯಲ್ಲಿದೆ. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನರು ಬಹಿರಂಗವಾಗಿ ಉಪ್ಪು ತಯಾರಿಸಿ ಕಾನೂನನ್ನು ಮುರಿದರು. ಉಪ್ಪು ಇಲ್ಲದೆ ಯಾರೂ ಬದುಕಲಾರರು. ಉಪ್ಪನ್ನು ಸಿರಿವಂತ ಬಡವನಿಗಿಂತ ಹೆಚ್ಚು ತಿನ್ನಲಾರ. ಆ ತೆರಿಗೆಯನ್ನು ವಿಧಿಸಿದ ಸರಕಾರವನ್ನು ಜನರು ಆರಿಸಿರಲಿಲ್ಲ. ಈ ಮೂರು ಕಾರಣಗಳಿಂದ ಆ ತೆರಿಗೆ ಜನರ ಅಂತಃಸಾಕ್ಷಿಗೆ ಅನ್ಯಾಯವಾಗಿ ಕಂಡಿತು.

ಐವತ್ತು ವರ್ಷಗಳ ನಂತರ ನಮ್ಮವರೇ ಆರಿಸಿದ ಸರಕಾರವಿದ್ದಾಗಲೂ ಇಂಥದೇ ಒಂದು ಪ್ರಶ್ನೆ ಎದ್ದಿತು. ಮಲಪ್ರಭಾ ಅಚ್ಚುಕಟ್ಟಿನ ನವಲಗುಂದ, ನರಗುಂದದ ರೈತರ ಮೇಲೆ ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂಬ ಕಾರಣಕ್ಕೆ ಅಭಿವೃದ್ಧಿ ಕರವನ್ನು ಹೇರಲಾಗಿತ್ತು. ನಮ್ಮ ಹೊಲಕ್ಕೆ ನೀರು ಸರಿಯಾಗಿ ಬಂದಿಲ್ಲ, ಬೆಳೆಗೆ ಬೆಲೆ ಸಿಕ್ಕಿಲ್ಲ, ಕರ ಮಾತ್ರ ಬಂದಿದೆ ಎಂಬುದು ರೈತರ ಅಳಲು. 1980ರ ಜುಲೈ 21ರಂದು ಆ ಅಳಲು ಬಂಡಾಯವಾಯಿತು. ಗೋಲಿಬಾರಿನಲ್ಲಿ ರೈತರು ಸತ್ತರು, ಹಿಂಸೆಯಲ್ಲಿ ಪೋಲೀಸರೂ ಸತ್ತರು. ಇಂದಿಗೂ ಪ್ರತಿ ಜುಲೈ 21ರಂದು ಆ ಊರುಗಳಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ.

ಈ ಎರಡು ನೆನಪುಗಳಿಂದ ನ್ಯಾಯವಾದ ತೆರಿಗೆಗೆ ಕೆಲವು ಅಳತೆಗೋಲುಗಳನ್ನು ನಾವು ಪಡೆಯಬಹುದು. ತೆರಿಗೆಯ ಭಾರ ಹೊರುವವನ ಶಕ್ತಿಗೆ ತಕ್ಕಂತಿರಬೇಕು. ಇದನ್ನು ಪೋಪ್ 23ನೇ ಜಾನ್ ಅವರು 1961ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ. ಬದುಕಿಗೆ ಅತ್ಯಗತ್ಯವಾದದ್ದರ ಮೇಲೆ ತೆರಿಗೆಯ ಕೈ ಹಗುರವಾಗಿರಬೇಕು. ಸಂಗ್ರಹವಾದದ್ದು ಯಾವುದಾದರೊಂದು ರೂಪದಲ್ಲಿ ಜನರಿಗೆ ಮರಳಬೇಕು. ಮತ್ತು ಕೊಡುವವನ ಮಾತನ್ನು ಕೇಳುವ ಕಿವಿ ಪಡೆಯುವವನಿಗಿರಬೇಕು.

ಅಂತರ್ಜಾಲ ಉಪ್ಪಿನಷ್ಟು ಅಗತ್ಯವೇ ಎಂದು ಕೆಲವರು ನಗಬಹುದು. ಹತ್ತಿಪ್ಪತ್ತು ವರ್ಷಗಳ ಹಿಂದೆ ನಾನೂ ನಗುತ್ತಿದ್ದೆ. ಆದರೆ 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ, ಫೋನು ಇದ್ದ ಮಗು ಓದಿತು, ಇಲ್ಲದ ಮಗು ಉಳಿದುಬಿಟ್ಟಿತು. ಫೋನಿಲ್ಲದ ಮಕ್ಕಳಿಗಾಗಿಯೇ ನಮ್ಮ ಸರಕಾರ ಆ ವರ್ಷ ‘ವಿದ್ಯಾಗಮ’ವನ್ನು ಆರಂಭಿಸಿ, ಶಿಕ್ಷಕರನ್ನು ಗುಡಿ, ಮರದ ನೆರಳು, ಸಮುದಾಯ ಭವನಗಳಿಗೆ ಕಳುಹಿಸಬೇಕಾಯಿತು. ಅದೇ ವರ್ಷದ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ, ಅಂತರ್ಜಾಲದ ಮೂಲಕ ಮಾತನಾಡುವ ಹಾಗೂ ವೃತ್ತಿ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದು ಹೇಳಿತು. ಇಂದು ಪಿಂಚಣಿ, ಪಡಿತರ, ಬೆಳೆವಿಮೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದೇ ಬಾಗಿಲಿನಿಂದ ಬರುತ್ತವೆ. ಸರಕಾರವೇ ತನ್ನ ಕಚೇರಿಯ ಬಾಗಿಲನ್ನು ಅಂತರ್ಜಾಲಕ್ಕೆ ಸ್ಥಳಾಂತರಿಸಿದ ಮೇಲೆ, ಆ ಬಾಗಿಲಿಗೆ ಹೋಗುವ ದಾರಿಯನ್ನು ಐಷಾರಾಮವೆಂದು ಎಣಿಸುವುದು ಸರಿಯಲ್ಲ.

ಬೇರೆ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದಲ್ಲಿ 1998ರ ಒಂದು ಶಾಸನ ಅಂತರ್ಜಾಲ ಸಂಪರ್ಕದ ಮೇಲೆ ರಾಜ್ಯಗಳು ಹೊಸದಾಗಿ ತೆರಿಗೆ ಹಾಕದಂತೆ ತಡೆಯಿತು. 2016ರಲ್ಲಿ ಆ ತಡೆಯನ್ನು ಶಾಶ್ವತಗೊಳಿಸಿದರು. ಹಂಗೆರಿಯ ಸರಕಾರ 2014ರ ಅಕ್ಟೋಬರಿನಲ್ಲಿ ಪ್ರತಿ ಗಿಗಾಬೈಟಿಗೆ 150 ಫೋರಿಂಟ್ ತೆರಿಗೆಯನ್ನು ಸೂಚಿಸಿದಾಗ ಸಾವಿರಾರು ಜನರು ಬೀದಿಗಿಳಿದರು. ತಿಂಗಳು ಮುಗಿಯುವ ಮೊದಲೇ ಅದನ್ನು ಕೈಬಿಡಲಾಯಿತು. ಉಗಾಂಡಾದಲ್ಲಿ 2018ರ ಜುಲೈನಿಂದ ವಾಟ್ಸ್ಆ್ಯಪ್, ಫೇಸ್‌ಬುಕ್ ಬಳಸುವವರು ದಿನಕ್ಕೆ 200 ಶಿಲಿಂಗ್ ಕೊಡಬೇಕಾಯಿತು. ನಿರೀಕ್ಷಿಸಿದ ಹಣ ಬರಲಿಲ್ಲ. 2021ರಲ್ಲಿ ಅದನ್ನು ತೆಗೆದು, ಡೇಟಾ ಮೇಲೆಯೇ ಶೇ. 12ರ ತೆರಿಗೆ ಹಾಕಿದರು.

ಇನ್ನೊಂದು ಪಕ್ಷದ ಮಾತನ್ನೂ ಕೇಳೋಣ. ತೆರಿಗೆಯಿಲ್ಲದೆ ಶಾಲೆ, ಆಸ್ಪತ್ರೆ, ರಸ್ತೆಗಳಿಲ್ಲ. ಸಂಪರ್ಕವನ್ನು ಪೂರ್ತಿ ತೆರಿಗೆಮುಕ್ತಗೊಳಿಸಿದರೆ ಅದರ ಹೆಚ್ಚಿನ ಲಾಭ ಹೆಚ್ಚು ಬಳಸುವ ಶ್ರೀಮಂತನಿಗೇ ಸಿಗಬಹುದು. ತೆರಿಗೆ ಇಳಿದರೂ ಕಂಪನಿಗಳು ಬೆಲೆ ಇಳಿಸದಿರಬಹುದು. ಈ ಮಾತುಗಳಲ್ಲಿ ಸತ್ಯವಿದೆ. ಆದರೆ 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳನ್ನು ಪರಿಷ್ಕರಿಸಿದಾಗ, ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯವಿಮೆಯ ಮೇಲಿದ್ದ ಶೇ. 18ರ ತೆರಿಗೆಯನ್ನು ಸೊನ್ನೆಗೆ ಇಳಿಸಿದರು. ಫೋನು ಮತ್ತು ಅಂತರ್ಜಾಲದ ಶೇ. 18 ಹಾಗೆಯೇ ಉಳಿಯಿತು. ಯಾವುದು ಅಗತ್ಯ ಎಂದು ತೀರ್ಮಾನಿಸಿ ಭಾರ ಇಳಿಸುವುದು ಸಾಧ್ಯವೆಂಬುದನ್ನು ಇದು ತೋರಿಸುತ್ತದೆ. ಕನಿಷ್ಠ ಬಳಕೆಯ ಚಿಕ್ಕ ರೀಚಾರ್ಜ್‌ಗಳಿಗಾದರೂ ತೆರಿಗೆ ಹಗುರವಾಗಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದೂವರೆ ದಿನದ ಕೂಲಿಯ ತೂಕವೇನೆಂದು ತಿಳಿಯಲು ಅರ್ಥಶಾಸ್ತ್ರ ಬೇಕಿಲ್ಲ.

ಒಂದೇ ವರ್ಷದ ಎರಡು ಘಟನೆಗಳು

ನ್ಯಾಯದ ಪ್ರಶ್ನೆ ಕೇವಲ ದರದ ಪ್ರಶ್ನೆಯಲ್ಲ. ಯಾರ ಬಾಗಿಲನ್ನು ಬಡಿಯುತ್ತೇವೆ, ಯಾರ ಬಾಗಿಲನ್ನು ದಾಟಿ ಹೋಗುತ್ತೇವೆ ಎಂಬ ಪ್ರಶ್ನೆಯೂ ಹೌದು. ಇದಕ್ಕೆ 2025ನೇ ವರ್ಷದ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಗೂಗಲ್, ಫೇಸ್‌ಬುಕ್‌ನಂಥ ವಿದೇಶಿ ಕಂಪನಿಗಳು ಇಲ್ಲಿ ತೆರಿಗೆಗೆ ಒಳಪಡುವ ನೆಲೆಯಿಲ್ಲದೆಯೂ ಇಲ್ಲಿಯ ಜಾಹೀರಾತುಗಳಿಂದ ಅಪಾರ ಹಣ ಗಳಿಸುತ್ತವೆ. ಹಳೆಯ ಕಾನೂನಿನ ಪ್ರಕಾರ, ಅಂಗಡಿ ಎಲ್ಲಿದೆಯೋ ಅಲ್ಲಿ ತೆರಿಗೆ. ಅಂಗಡಿಯೇ ಇಲ್ಲದೆ ವ್ಯಾಪಾರ ಮಾಡುವವನನ್ನು ಹಿಡಿಯುವುದು ಹೇಗೆ? ಅದಕ್ಕಾಗಿ ಭಾರತ 2016ರ ಜೂನ್ 1ರಿಂದ ವಿದೇಶಿ ಕಂಪನಿಗಳಿಗೆ ಸಲ್ಲುವ ಆನ್‌ಲೈನ್ ಜಾಹೀರಾತಿನ ಹಣದ ಮೇಲೆ ಶೇ. 6ರಷ್ಟು ಸಮೀಕರಣ ಶುಲ್ಕವನ್ನು ತಂದಿತು. ಜನ ಅದನ್ನು ‘ಗೂಗಲ್ ತೆರಿಗೆ’ ಎಂದು ಕರೆದರು. 2020ರ ಏಪ್ರಿಲ್‌ನಿಂದ ವಿದೇಶಿ ಇ-ವಾಣಿಜ್ಯ ಕಂಪನಿಗಳ ಮೇಲೂ ಶೇ. 2ರ ಶುಲ್ಕ ಬಂದಿತು. ಇದು ತಮ್ಮ ಕಂಪನಿಗಳ ವಿರುದ್ಧದ ತಾರತಮ್ಯವೆಂದು ಅಮೆರಿಕ ಆಕ್ಷೇಪಿಸಿತು. ಶೇ. 2ರ ಶುಲ್ಕ 2024ರ ಆಗಸ್ಟ್ 1ಕ್ಕೆ ಕೊನೆಗೊಂಡಿತು; ಶೇ. 6ರದ್ದು 2025ರ ಏಪ್ರಿಲ್ 1ಕ್ಕೆ.

ಅದೇ 2025ರ ಜುಲೈನಲ್ಲಿ ಹಾವೇರಿಯ ಒಬ್ಬ ಕಾಯಿಪಲ್ಲೆ ವ್ಯಾಪಾರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸು ಬಂದಿತು. ನಾಲ್ಕು ವರ್ಷಗಳಲ್ಲಿ ಫೋನಿನ ಮೂಲಕ ಅವರ ಖಾತೆಗೆ 1 ಕೋಟಿ 63 ಲಕ್ಷ ರೂಪಾಯಿ ಬಂದಿದೆ, ಆದ್ದರಿಂದ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕಟ್ಟಬೇಕು ಎಂದು. ರಾಜ್ಯದ ಸಾವಿರಾರು ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಇಂಥ ನೋಟೀಸುಗಳು ಬಂದಿದ್ದವು. ಒಂದು ಕೋಟಿ ಎಂಬ ಮಾತು ಕೇಳಿದರೆ ಕಿವಿ ಚುರುಕಾಗುತ್ತದೆ. ಆದರೆ ದಿನಕ್ಕೆ ಭಾಗಿಸಿದರೆ ಅದು ಸುಮಾರು 11 ಸಾವಿರ ರೂಪಾಯಿಯ ವಹಿವಾಟು. ವಹಿವಾಟು ಎಂದರೆ ಲಾಭವಲ್ಲ. ನಸುಕಿನಲ್ಲಿ ರೈತನಿಗೆ ಕೊಟ್ಟದ್ದು, ಕೊಳೆತು ಹೋದದ್ದು, ಗಾಡಿ ಬಾಡಿಗೆ ಎಲ್ಲ ಅದರೊಳಗೇ ಇರುತ್ತದೆ. ಮೇಲಾಗಿ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಅಧಿಕಾರಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ವಹಿವಾಟು ಮೀರಿದರೆ ನೋಂದಣಿ ಮಾಡಿಸಬೇಕೆಂಬುದು ಕಾನೂನು. ಖಾತೆಗೆ ಬಂದ ಮೊತ್ತ ಅವರಿಗೆ ಕಂಡಿತು. ಅದು ಬದನೆಕಾಯಿಯದೋ, ಗೆಳೆಯನಿಂದ ಪಡೆದ ಕೈಗಡವೋ ಕಾಣಲಿಲ್ಲ. ವ್ಯಾಪಾರಿಗಳು ಬಂದ್‌ಗೆ ಸಿದ್ಧರಾದರು. “ಫೋನ್ ಪೇ ಇಲ್ಲ, ನಗದು ಮಾತ್ರ” ಎಂಬ ಹಲಗೆಗಳು ಅಂಗಡಿಗಳ ಮುಂದೆ ತೂಗಿದವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಲೇಬೇಕು ಎಂದರು. ಕೇಳುವ ಕಿವಿ ತಡವಾಗಿಯಾದರೂ ತೆರೆಯಿತು. ಅದಕ್ಕೆ ಕೃತಜ್ಞರಾಗಿರೋಣ.

ಆದರೂ ಮನಸ್ಸು ಕೇಳುತ್ತದೆ: ಸಮುದ್ರದಾಚೆಯ ದೊಡ್ಡ ವ್ಯಾಪಾರಿಯ ಪರವಾಗಿ ಮಾತನಾಡಲು ಒಂದು ಬಲಿಷ್ಠ ರಾಷ್ಟ್ರವಿತ್ತು. ಹಾವೇರಿಯ ಕಾಯಿಪಲ್ಲೆಯವನ ಪರವಾಗಿ ಯಾರಿದ್ದರು? ಡಿಜಿಟಲ್ ಲೋಕದಲ್ಲಿ ಚಿಕ್ಕವನು ಪೈಸೆ ಪೈಸೆಯೂ ಕಾಣುವಂತೆ ಬೆತ್ತಲಾಗಿದ್ದಾನೆ. ದೊಡ್ಡವನ ಲೆಕ್ಕ ಹಲವು ದೇಶಗಳ ಗಡಿಗಳ ಹಿಂದೆ ಮರೆಯಾಗಿದೆ. ಸುಲಭವಾಗಿ ಕಾಣುವವನಿಂದ ಮೊದಲು ವಸೂಲು ಮಾಡುವುದು ಆಡಳಿತಕ್ಕೆ ಅನುಕೂಲ. ಆದರೆ ಅನುಕೂಲವೇ ನ್ಯಾಯವಲ್ಲ. ಸುಂಕದವರು ಸ್ನಾನಿಕ ಯೊವಾನ್ನರ ಬಳಿಗೆ ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಅವರು ಸುಂಕದ ಕೆಲಸವನ್ನು ಬಿಟ್ಟುಬಿಡಿ ಎನ್ನಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚನ್ನು ವಸೂಲು ಮಾಡಬೇಡಿ ಎಂದರು. ತೆರಿಗೆ ಇಲಾಖೆಯ ಪ್ರತಿಯೊಂದು ಮೇಜಿನ ಮೇಲೂ ಈ ಮಾತು ಇರಬೇಕು.

ಮುಚ್ಚಿಡಬಹುದೇ?

ಇನ್ನು ಆ ತಾಯಿಯ ಮೊದಲ ಪ್ರಶ್ನೆ. ತೆರಿಗೆಯಲ್ಲಿ ಅನ್ಯಾಯವಿದೆಯೆನಿಸಿದರೆ ಲೆಕ್ಕ ಮುಚ್ಚಿಡಬಹುದೇ?

ಅಂಕೋಲೆಯ ಕಡಲ ದಂಡೆಯನ್ನು ಮತ್ತೊಮ್ಮೆ ನೆನೆಯೋಣ. ಅಲ್ಲಿಯ ಜನರು ಉಪ್ಪನ್ನು ರಾತ್ರಿ ಕದ್ದು ತಯಾರಿಸಿ ಅಟ್ಟದ ಮೇಲೆ ಬಚ್ಚಿಡಲಿಲ್ಲ. ಹಗಲಿನಲ್ಲಿ, ಎಲ್ಲರ ಎದುರಿನಲ್ಲಿ, ಹೆಸರು ಹೇಳಿ ತಯಾರಿಸಿದರು. ಶಿಕ್ಷೆಯನ್ನು ತಾವೇ ಹೊತ್ತರು. ಅನ್ಯಾಯದ ಕಾನೂನನ್ನು ವಿರೋಧಿಸುವವನು ಎಲ್ಲರಿಗಾಗಿ ವಿರೋಧಿಸುತ್ತಾನೆ. ಲೆಕ್ಕ ಮುಚ್ಚಿಡುವವನು ತನಗಾಗಿ ಮಾತ್ರ ತಪ್ಪಿಸಿಕೊಳ್ಳುತ್ತಾನೆ. ಮೊದಲನೆಯವನಿಂದ ಕಾನೂನು ಬದಲಾಗುತ್ತದೆ. ಎರಡನೆಯವನಿಂದ ಕಾನೂನು ಹಾಗೆಯೇ ಉಳಿದು, ಅವನ ಪಾಲಿನ ಭಾರ ಪ್ರಾಮಾಣಿಕನಾದ ನೆರೆಯವನ ಹೆಗಲಿಗೆ ಬೀಳುತ್ತದೆ. ಸತ್ಯಾಗ್ರಹಕ್ಕೂ ಮುಚ್ಚುಮರೆಗೂ ಇರುವ ಅಂತರ ಇದು.

ಮುಚ್ಚಿಡುವುದಕ್ಕೆ ಇನ್ನೊಂದು ಬೆಲೆಯಿದೆ. ಅಪ್ಪ ಎರಡು ಲೆಕ್ಕದ ಪುಸ್ತಕ ಇಡುವುದನ್ನು ಕಂಡ ಮಗ, ಮಾತಿಗೂ ಎರಡು ಪುಸ್ತಕ ಇಡಲು ಕಲಿಯುತ್ತಾನೆ. ವ್ಯವಹಾರದ ದಾಖಲೆಯಿಲ್ಲದವನಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ. ಅವನು ಮೀಟರ್ ಬಡ್ಡಿಯವನ ಮನೆಗೇ ಹೋಗಬೇಕು. ಸರಕಾರದಿಂದ ತಪ್ಪಿಸಿಕೊಂಡದ್ದನ್ನು ಬಡ್ಡಿಯವನಿಗೆ ತೆತ್ತಂತಾಗುತ್ತದೆ.

ಕಫೆರ್ನಹೂಮಿನಲ್ಲಿ ದೇವಾಲಯದ ತೆರಿಗೆ ವಸೂಲು ಮಾಡುವವರು ಪೇತ್ರರನ್ನು ಕೇಳಿದ ಪ್ರಸಂಗ ನಿಮಗೆ ಗೊತ್ತಿದೆ. ಅರಸರು ತೆರಿಗೆ ತೆಗೆದುಕೊಳ್ಳುವುದು ಸ್ವಂತ ಮಕ್ಕಳಿಂದಲೋ, ಹೊರಗಿನವರಿಂದಲೋ ಎಂದು ಯೇಸು ಕೇಳುತ್ತಾರೆ. ಮಕ್ಕಳು ಅದರಿಂದ ಮುಕ್ತರೆಂದು ಹೇಳಿ, ತಮ್ಮ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತುತ್ತಾರೆ. ಆನಂತರ, ಇತರರಿಗೆ ಎಡವುಗಲ್ಲಾಗಬಾರದೆಂದು, ಮೀನಿನ ಬಾಯಿಯ ನಾಣ್ಯದಿಂದ ಇಬ್ಬರ ಪಾಲನ್ನೂ ಸಲ್ಲಿಸುತ್ತಾರೆ. ಪ್ರಶ್ನಿಸುವುದು ಮತ್ತು ಸಲ್ಲಿಸುವುದು ಅಲ್ಲಿ ಒಟ್ಟಿಗೇ ಇವೆ. ಪ್ರಶ್ನಿಸದೆ ಸಲ್ಲಿಸುವುದು ಗುಲಾಮಗಿರಿ. ಸಲ್ಲಿಸದೆ ಅಡಗಿಕೊಳ್ಳುವುದು ವಂಚನೆ.

ಆದ್ದರಿಂದ ಆ ಮಗನಿಗೆ ನಾನು ಹೇಳುವುದು ಇಷ್ಟೇ. ಮೊದಲು ಲೆಕ್ಕ ಹಾಕು. ಚಹಾದಂಗಡಿಗೆ ಅನ್ವಯಿಸುವ ಮಿತಿ ವರ್ಷಕ್ಕೆ 20 ಲಕ್ಷ, ಅಂದರೆ ದಿನಕ್ಕೆ ಸುಮಾರು ಐದೂವರೆ ಸಾವಿರ. ನಿನ್ನ ವಹಿವಾಟು ಅದಕ್ಕಿಂತ ಕಡಿಮೆಯಿದ್ದರೆ ನೀನು ಯಾರಿಗೂ ಹೆದರಬೇಕಿಲ್ಲ. ಹಾಳೆಯನ್ನು ಮತ್ತೆ ಅಂಟಿಸು. ಮೀರಿದ್ದರೆ, ಒಂದೂವರೆ ಕೋಟಿಯವರೆಗಿನ ಚಿಕ್ಕ ವ್ಯಾಪಾರಿಗಳಿಗಾಗಿ ರಾಜಿ ತೆರಿಗೆ ಪದ್ಧತಿಯಿದೆ. ಸರಕು ಮಾರುವವರಿಗೆ ವಹಿವಾಟಿನ ಶೇ. 1, ಹೋಟೆಲು, ಖಾನಾವಳಿಗಳಿಗೆ ಶೇ. 5. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. ತಪ್ಪು ನೋಟೀಸು ಬಂದರೆ ಬಚ್ಚಿಡದೆ ಉತ್ತರ ಬರೆ. ಒಬ್ಬನೇ ಹೋಗಲು ಅಂಜಿಕೆಯಾದರೆ ಅಕ್ಕಪಕ್ಕದ ನಾಲ್ಕು ಅಂಗಡಿಯವರನ್ನು ಕೂಡಿಕೊಂಡು ಹೋಗು. ನಮ್ಮ ಧರ್ಮಕೇಂದ್ರಗಳಲ್ಲಿ ಲೆಕ್ಕಪತ್ರ ಬಲ್ಲ ಯುವಕ ಯುವತಿಯರಿದ್ದಾರೆ. ತಿಂಗಳಿಗೆ ಒಂದು ಸಂಜೆ ಇಂಥ ಚಿಕ್ಕ ವ್ಯಾಪಾರಿಗಳ ಕಾಗದಗಳನ್ನು ನೋಡಿಕೊಟ್ಟರೆ ಅದೂ ದೊಡ್ಡ ಸೇವೆ.

ಮರಳಿ ಬರುವ ತೆರಿಗೆ

ಎಲ್ಲ ಡಿಜಿಟಲ್ ಶುಲ್ಕವೂ ಅನ್ಯಾಯವೆಂದು ನಾನು ಹೇಳಿದಂತಾಗಬಾರದು. ಆಹಾರ, ಸಾಮಾನು ತಲುಪಿಸುವ ಹುಡುಗರನ್ನು ಹುಬ್ಬಳ್ಳಿ-ಧಾರವಾಡದ ಬೀದಿಗಳಲ್ಲಿ ನಾವು ಪ್ರತಿದಿನ ಕಾಣುತ್ತೇವೆ. ಅವರಿಗೆ ಮಾಲೀಕನ ಮುಖವೇ ಗೊತ್ತಿಲ್ಲ. ಬಿದ್ದು ಕಾಲು ಮುರಿದರೆ ಕೇಳುವವರಿಲ್ಲ. ಇಂಥ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕೊಡಬೇಕು. ಅದು ಅವರ ಸಾಮಾಜಿಕ ಭದ್ರತೆಯ ನಿಧಿಗೆ ಹೋಗಬೇಕು. 2024ರಲ್ಲಿ ಮಾಡಿದ ಮತ್ತೊಂದು ಕಾನೂನು, ಸಿನೆಮಾ ಟಿಕೇಟು ಹಾಗೂ ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರವರೆಗೆ ಕರ ಹಾಕಿ ಚಲನಚಿತ್ರ ಮತ್ತು ಸಾಂಸ್ಕೃತಿಕ ಕಲಾವಿದರ ಕಲ್ಯಾಣಕ್ಕೆ ಬಳಸಲು ಅವಕಾಶ ನೀಡುತ್ತದೆ. ದೇಶದ ಮಟ್ಟದಲ್ಲಿ ದೂರಸಂಪರ್ಕ ಕಂಪನಿಗಳು 2002ರಿಂದ ತಮ್ಮ ವರಮಾನದ ಶೇ. 5ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕಾಗಿ ಇರುವ ನಿಧಿಗೆ ಕೊಡುತ್ತ ಬಂದಿವೆ. ಇಂದು ಅದರ ಹೆಸರು ಡಿಜಿಟಲ್ ಭಾರತ ನಿಧಿ. ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯನ್ನು ಎಳೆಯುವ ಭಾರತ್‌ನೆಟ್ ಯೋಜನೆಗೆ ಹಣ ಬರುವುದು ಅಲ್ಲಿಂದಲೇ.

ಇಂಥ ಶುಲ್ಕದಲ್ಲಿ ಕೊಡುವ ಕೈಯೂ ಪಡೆಯುವ ಕೈಯೂ ಒಂದನ್ನೊಂದು ಕಾಣುತ್ತವೆ. ಮಲಪ್ರಭೆಯ ರೈತರು ಕೇಳಿದ್ದು ಇದನ್ನೇ: ಕರ ಕೇಳುವ ಮೊದಲು ಕಾಲುವೆಯಲ್ಲಿ ನೀರು ಹರಿಸಿ ಎಂದು. ಆದ್ದರಿಂದ ಕಾನೂನು ಪುಸ್ತಕದಲ್ಲಿರುವ ನಿಧಿ ಆ ಹುಡುಗನ ಆಸ್ಪತ್ರೆಯ ಖರ್ಚಿಗೆ ನಿಜವಾಗಿ ತಲುಪುತ್ತಿದೆಯೇ, ಪಂಚಾಯತಿಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು ವಿಚಾರಿಸುವುದು ನಮ್ಮ ಕರ್ತವ್ಯ. ಊಟ ತಂದುಕೊಟ್ಟವನ ಹೆಸರಿನಲ್ಲಿ ಎರಡು ರೂಪಾಯಿ ಹೆಚ್ಚಾದರೆ ಗೊಣಗದಿರುವುದೂ ನಮ್ಮ ಕರ್ತವ್ಯವೇ. ಬಡವನ ಪರವಾಗಿ ಮಾತನಾಡಿ, ಆ ಮಾತಿನ ಬೆಲೆಯನ್ನು ಮಾತ್ರ ಇನ್ನೊಬ್ಬರು ಕೊಡಲಿ ಎನ್ನುವುದು ಸುಲಭದ ಧರ್ಮ.

ಮುಂದಿನ ವಾರ ಆ ತಾಯಿ ಮತ್ತೆ ಸಿಕ್ಕರು. ಮಗನ ವಿಷಯಕ್ಕೆ, “ಮುಚ್ಚಿಡೂದು ಬ್ಯಾಡ ತಾಯಿ, ಲೆಕ್ಕಾ ತಗೊಂಡು ಬರಲಿ, ಕೂತು ನೋಡೂಣು” ಎಂದೆ. ಅವನು ಬಂದ. ಲೆಕ್ಕ ಹಾಕಿದಾಗ ಅವನ ವಹಿವಾಟು ಮಿತಿಯ ಒಳಗೇ ಇತ್ತು. ಅವನು ಹೆದರಿದ್ದು ನೆರಳಿಗೆ. ಹಾಳೆ ಮತ್ತೆ ಗೋಡೆಗೆ ಬಂದಿದೆ. ಆದರೆ ಮೊಮ್ಮಗಳ ಓದಿನ ಮೇಲಿನ ತೆರಿಗೆಯ ಬಗ್ಗೆ ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನಲ್ಲ. ಚುನಾವಣೆಯ ಹೊತ್ತಿಗೆ ನಮ್ಮ ಮನೆಗಳಿಗೆ ಕೈಮುಗಿದು ಬರುವವರು ಕೊಡಬೇಕು. ಅವರು ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳೋಣ. ದನಿ ತಗ್ಗಿಸಿ ಅಲ್ಲ, ಎಲ್ಲರಿಗೂ ಕೇಳುವಂತೆ.